ಜಾಲಿ ಯಾರ ಕಣ್ಣಿಗೆ?

ಕನ್ನಡದಲ್ಲಿ ಜಾಲಿ ಎಂದರೆ ಮುಳ್ಳಿನ ಮರ. ಉರ್ದುವಿನಲ್ಲಿ ಜಾಲಿ ಎಂದರೆ ಗಾಳಿ ಬೆಳಕನ್ನು ಸೋಸಿ ಒಳಗೆ ಬಿಡುವ ತಡಿಕೆ. ಎರಡೂ ಭಾಷೆಗಳಲ್ಲಿ ಓದಿ ಬೆಳೆದ ನಮಗೆ, ಕಟ್ಟಡಗಳ ಮುಖಕ್ಕೆ ಹೊದಿಸುವ ಲೋಹದ ಜಾಲಿಯನ್ನು ಕಂಡಾಗ ಯಾವ ಅರ್ಥವನ್ನು ಹಿಡಿಯಬೇಕೆಂಬ ಅನುಮಾನ ಬರುತ್ತದೆ.

ಚಾಮರಾಜನಗರ 1997ರಲ್ಲಿ ಜಿಲ್ಲಾ ಕೇಂದ್ರವಾಯಿತು. ಗುಂಡ್ಲುಪೇಟೆ ಊಟಿ, ವಯನಾಡಿನ ರಸ್ತೆಗಳು ಕವಲೊಡೆಯುವ ಊರು. ಬಂಡೀಪುರದಲ್ಲಿ 2009ರಲ್ಲಿ ರಾತ್ರಿ ಸಂಚಾರ ನಿಂತ ಮೇಲೆ ತಡವಾದವರು ತಂಗುವ ಊರೂ ಹೌದು. ಕರಿಕಲ್ಲಿಗೆ ಹೆಸರಾದ ಈ ಜಿಲ್ಲೆಯಲ್ಲೂ ಹೊಸ ಕಟ್ಟಡವೆಂದರೆ ಮೊದಲ ಮಾತು ‘ಎಲಿವೇಷನ್’ ಬಗ್ಗೆ. ಜಗುಲಿ ಹೋಯಿತು, ಗಾಜು ಬಂತು, ಎಸಿಪಿ ಶೀಟು ಬಂತು. ‘ಎಕ್ಸ್‌ಪ್ಯಾಂಡೆಡ್ ಮೆಟಲ್’ ಅದೇ ಸಾಲಿನ ಹೊಸ ಅತಿಥಿ.

ಇದು ಹೆಣೆದದ್ದಲ್ಲ, ಬೆಸುಗೆ ಹಾಕಿದ್ದೂ ಅಲ್ಲ. ಇಡೀ ತಗಡಿಗೆ ಸಾಲುಸಾಲಾಗಿ ಸೀಳು ಹಾಕಿ ಎಳೆದರೆ, ಸೀಳುಗಳು ಬಾಯಿ ತೆರೆದು ವಜ್ರಾಕಾರದ ಕಣ್ಣುಗಳಾಗುತ್ತವೆ. ತೂತು ಕೊರೆದ ತಗಡಿನಂತೆ ಇಲ್ಲಿ ಬಿಲ್ಲೆಗಳು ಗುಜರಿಗೆ ಹೋಗುವುದಿಲ್ಲ. ಎಳೆದಾಗ ಪ್ರತಿ ಪಟ್ಟಿಯೂ ಓರೆಯಾಗಿ ತಿರುಗುತ್ತದೆ. ಆ ಓರೆ ಹೊರಗೆ, ಕೆಳಮುಖವಾಗಿ ಬಾಗುವಂತೆ ಕಟ್ಟಿದರೆ ಮೇಲಿನ ಬಿಸಿಲು ತಡೆಯುತ್ತದೆ, ಒಳಗಿದ್ದವರಿಗೆ ಕೆಳಗಿನ ರಸ್ತೆ ಕಾಣುತ್ತದೆ. ತಲೆಕೆಳಗಾಗಿ ಕಟ್ಟಿದರೆ ಬಿಸಿಲೂ ಮಳೆಯ ಇರಚಲೂ ಒಳಗೆ. ಬೀದಿಯಲ್ಲಿ ನಿಂತು ಎಲಿವೇಷನ್ ಮೆಚ್ಚುವವರಿಗೆ ಈ ಎರಡರ ನಡುವಿನ ವ್ಯತ್ಯಾಸ ತಿಳಿಯದು. ನಮ್ಮ ತಕರಾರು ಇರುವುದೇ ಇಲ್ಲಿ.

2007ರಲ್ಲಿ ನ್ಯೂಯಾರ್ಕಿನಲ್ಲಿ ಬಾಗಿಲು ತೆರೆದ ನ್ಯೂ ಮ್ಯೂಸಿಯಂಗೆ ಜಪಾನಿನ ಸೆಜಿಮಾ ಮತ್ತು ನಿಶಿಜಾವಾ ಇಂಥದೇ ಅಲ್ಯೂಮಿನಿಯಂ ಜಾಲಿ ಹೊದಿಸಿದರು. ಚೆಲುವಾಗಿದೆ. ಆದರೆ ಅದರ ಹಿಂದಿರುವುದು ಬಹುಪಾಲು ಕಿಟಕಿಯಿಲ್ಲದ ಗೋಡೆ. ಕಲಾಕೃತಿ ಇಡುವವರಿಗೆ ಗೋಡೆಯೇ ಬೇಕು. ಜಾಲಿ ಬೀದಿಯ ಕಣ್ಣಿಗೆ. ನಮ್ಮ ಪೇಟೆಯ ಮೊದಲ ಮಹಡಿಯಲ್ಲಿ ಹೊಲಿಗೆ ಹೊಲಿಯುವವರು, ಟ್ಯೂಷನ್ ಮಕ್ಕಳು, ಲೆಕ್ಕ ಬರೆಯುವ ಗುಮಾಸ್ತರು ಇರುತ್ತಾರೆ. ಮುಚ್ಚಿದ ಗಾಜಿನ ಮೇಲೆ ಜಾಲಿ ಹೊದಿಸಿದರೆ ಅವರಿಗೆ ದಕ್ಕುವುದು ಒಂದಿಷ್ಟು ನೆರಳು, ಗಾಳಿ ದಕ್ಕುವುದಿಲ್ಲ.

ನಮ್ಮ ನಾಡಿನ ಹಳೆಯ ಜಾಲಿಗಳು ಹೀಗಿರಲಿಲ್ಲ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಬೇಲೂರಿನ ಗುಡಿಗೆ ಅವನ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಜಾಲಂಧ್ರಗಳನ್ನು ಸೇರಿಸಿದರು. ಶ್ರೀರಂಗಪಟ್ಟಣದ ಗುಂಬಜ್‌ನಲ್ಲೂ ಕಲ್ಲಿನ ಜಾಲಿಗಳಿವೆ. ಗುಡಿಯಾಗಲಿ ಗೋರಿಯಾಗಲಿ, ಒಳಗೆ ನಿಂತವರ ಮೇಲೆ ಬೆಳಕು ಹೇಗೆ ಬೀಳಬೇಕೆಂಬ ಯೋಚನೆ ಎರಡು ಕಡೆಯೂ ಇದೆ. ಜಾಲಿಯನ್ನು ಹಾಡಿ ಹೊಗಳುವುದಷ್ಟೇ ನಮ್ಮ ಉದ್ದೇಶವಲ್ಲ. ಜಾಲಿ, ಚಿಲ್ಮನ್‌ಗಳ ಹಿಂದೆ ಕೂತೇ ಆಯುಷ್ಯ ಕಳೆದ ಹೆಣ್ಣುಮಕ್ಕಳ ಕಥೆಯೂ ಅದರೊಳಗಿದೆ. ಆದರೆ ಅವರಿಗಾದರೂ ಬೀದಿ ಕಾಣುತ್ತಿತ್ತು, ಗಾಳಿ ತಾಗುತ್ತಿತ್ತು. ಅಲಂಕಾರಕ್ಕೆಂದು ಜಡಿದ ಇಂದಿನ ಜಾಲಿ ಅಷ್ಟನ್ನೂ ಕೊಡದಿದ್ದರೆ ಅದಕ್ಕೆ ಏನೆನ್ನಬೇಕು?

ಇನ್ನೊಂದು ಭಯವಿದೆ. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್‌ಗೆ ಹೊದಿಸಿದ್ದ ಶೀಟುಗಳೊಳಗಿನ ಪ್ಲಾಸ್ಟಿಕ್ಕೇ ಬೆಂಕಿಯನ್ನು ಹಬ್ಬಿಸಿ 72 ಜನ ಸತ್ತರು. ಬರಿ ಲೋಹದ ಜಾಲಿ ಹಾಗೆ ಉರಿಯುವುದಿಲ್ಲ, ನಿಜ. ಆದರೆ ಲಾಡ್ಜಿನ ಕಿಟಕಿಗಳ ಮೇಲೆ ತೆರೆಯಲಾಗದಂತೆ ಬೋಲ್ಟ್ ಬಿಗಿದ ಜಾಲಿ, ಬೆಂಕಿ ಬಿದ್ದ ರಾತ್ರಿ ಪಂಜರವೇ ಆಗುತ್ತದೆ.

ಕಟ್ಟಿಸುವವರಲ್ಲಿ ನಾವು ಕೇಳುವುದು ಇಷ್ಟೇ. ಜಾಲಿಗೂ ಗೋಡೆಗೂ ನಡುವೆ ಗಾಳಿಯಾಡಲು ಜಾಗವಿರಲಿ. ಅದರ ಹಿಂದೆ ತೆರೆಯುವ ಕಿಟಕಿ ಇರಲಿ, ಕಿಟಕಿಯ ಎದುರಿನ ಜಾಲಿಯೂ ಒಳಗಿನಿಂದ ತೆರೆಯುವಂತಿರಲಿ. ತುಕ್ಕು ಹಿಡಿಯದಂತೆ, ಸೀಳಿ ಎಳೆದ ಮೇಲೆಯೇ ಸತುವಿನ ಲೇಪನವಾಗಲಿ. ಎಲಿವೇಷನ್ ಒಪ್ಪುವ ಮೊದಲು ಒಂದು ತುಂಡು ಜಾಲಿಯನ್ನು ಕಿಟಕಿಗೆ ಕಟ್ಟಿಸಿ, ಮಧ್ಯಾಹ್ನ ಎರಡು ಗಂಟೆಗೆ ಒಳಗೆ ಕುರ್ಚಿ ಹಾಕಿಕೊಂಡು ಕೂತು ನೋಡಲಿ.