ಗೋಡೆಯ ಮೇಲಿನ ವೇಳಾಪಟ್ಟಿ

ಸರ್ಕಾರಿ ಶಾಲೆಯ ನಲಿ-ಕಲಿ ಕೊಠಡಿಯ ವೇಳಾಪಟ್ಟಿ ನೋಡಲು ಸಾದಾ ಹಾಳೆ. ಅದರ ಹಿಂದಿನ ಲೆಕ್ಕಾಚಾರ ಮಾತ್ರ ಸಾದಾ ಅಲ್ಲ. ಒಂದು, ಎರಡು, ಮೂರನೇ ತರಗತಿಯವರು ಒಟ್ಟಿಗೇ ಕೂತಿರುತ್ತಾರೆ, ಟೀಚರು ಒಬ್ಬರೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮಗು ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ಹುಡುಕಿ, ಕಾರ್ಡು ತೆಗೆದುಕೊಂಡು, ಅದಕ್ಕೆ ತಕ್ಕ ಗುಂಪಿಗೆ ಹೋಗಿ ಕೂರಬೇಕು. ಒಂದು ಗುಂಪಿಗೆ ಟೀಚರು ಪೂರ್ತಿ ಬೇಕು. ಇನ್ನೊಂದಕ್ಕೆ ಆಗಾಗ ಇಣುಕಿದರೆ ಸಾಕು. ಕೆಲವು ಕಡೆ ಗೆಳೆಯರೇ ಮೇಷ್ಟ್ರು. ಸ್ವಕಲಿಕೆಯ ಮೂಲೆಯಲ್ಲಿ ಯಾರೂ ಬೇಡ. ಗಂಟೆ ಹಂಚುವುದು ಸುಲಭ, ಒಬ್ಬರ ಗಮನವನ್ನು ಹೀಗೆ ಹಂಚುವುದು ಕಸುಬು.

ಪಳಗಿದ ಟೀಚರು ಹಾಳೆಯಲ್ಲಿ ಬರೆಯದ ಸಂಗತಿಗಳಿಗೂ ಜಾಗ ಬಿಟ್ಟಿರುತ್ತಾರೆ. ಹಾಲು ಕುಡಿದ ಲೋಟ ತೊಳೆಯಲು ನಲ್ಲಿ ಮುಂದೆ ನೂಕಾಟ, ಒಬ್ಬಳ ಕಳೆದುಹೋದ ಬಳಪ, ಬಿಸಿಯೂಟದ ಮೇಲಿನ ತೂಕಡಿಕೆ. ಸೊಪ್ಪುಸಾರು ಅನ್ನ ಉಂಡ ಆರು ವರ್ಷದವನ ಮುಂದೆ ಕೂಡುವ ಲೆಕ್ಕ ಇಟ್ಟರೆ ಏನಾದೀತು? ಅದಕ್ಕೇ ಆ ಹೊತ್ತಿಗೆ ಹಾಡು, ಕತೆ, ಜೇಡಿಮಣ್ಣು. ತಪಾಸಣೆಗೆ ಬಂದವರು ಗಡಿಯಾರ ನೋಡಿ ತಕರಾರು ತೆಗೆಯಬಹುದು. ಕತೆ ಹತ್ತು ನಿಮಿಷ ಜಾಸ್ತಿ ಹಿಡಿದರೆ ನಾನಂತೂ ಟೀಚರ ಪರ.