ಗಿಟಾರಿನ ಬೆನ್ನಲ್ಲಿರುವ ಉಕ್ಕಿನ ತುಂಡು

ಎಲೆಕ್ಟ್ರಿಕ್ ಗಿಟಾರ್ ಕೇಳಲು ಬರುವ ಬಹುಪಾಲು ಜನ ಬೆರಳಿನ ವೇಗಕ್ಕೆ ಚಪ್ಪಾಳೆ ತಟ್ಟುತ್ತಾರೆ. ಸ್ವರವನ್ನು ಏರಿಳಿಸುವ ಟ್ರೆಮೊಲೊ ಕಡ್ಡಿಯನ್ನು ಪೂರ್ತಿ ಒತ್ತಿ ವಿಮಾನ ಬಿದ್ದಂಥ ಸದ್ದು ಹೊರಡಿಸಿದರಂತೂ ಕೇಕೆ ಮುಗಿಲು ಮುಟ್ಟುತ್ತದೆ. ಮೀಟಿದ ಸ್ವರ ಎಷ್ಟು ಹೊತ್ತು ನಿಂತಿತು, ಹೇಗೆ ಕರಗಿತು ಎಂದು ಕಿವಿಗೊಡುವವರು ವಿರಳ. ನುಡಿಸುವವರಾದರೂ ನಾದ ತೆಳುವೆನಿಸಿದೊಡನೆ ಇನ್ನೊಂದು ಪೆಡಲ್ ಕೊಳ್ಳುತ್ತಾರೆಯೇ ಹೊರತು ಗಿಟಾರಿನ ಹಿಂಬದಿಯ ಮುಚ್ಚಳ ಬಿಚ್ಚಿ ನೋಡುವುದಿಲ್ಲ.

ನೋಡಬೇಕಾದದ್ದು ಅಲ್ಲೇ ಇದೆ. 1954ರಲ್ಲಿ ಸ್ಟ್ರಾಟೊಕ್ಯಾಸ್ಟರ್ ಗಿಟಾರ್ ಹೊರಬರುವ ಮುನ್ನ ಅದರ ತಯಾರಕ ಲಿಯೋ ಫೆಂಡರ್ ಮಾಡಿಸಿದ್ದ ಮೊದಲ ಟ್ರೆಮೊಲೊದಲ್ಲಿ ಸದ್ದು ಬಡಕಲಾಗಿತ್ತು, ಬೇಗ ಅಡಗುತ್ತಿತ್ತು. ಅದನ್ನು ಕೈಬಿಟ್ಟು, ಹೊಸದರಲ್ಲಿ ತಂತಿಗಳು ಕೂರುವ ಬ್ರಿಡ್ಜಿನ ಅಡಿಗೆ ಉಕ್ಕಿನ ದಪ್ಪ ಬ್ಲಾಕ್ ಜೋಡಿಸಿ, ತಂತಿಗಳನ್ನು ಅದರೊಳಗಿಂದಲೇ ಹಾಯಿಸಿದರು. ಬ್ರಿಡ್ಜ್ ಹಗುರವಾಗಿದ್ದರೆ ತಂತಿಯ ಜೊತೆ ತಾನೂ ಅಲುಗಿ ಕಂಪನವನ್ನು ನುಂಗುತ್ತದೆ. ಭಾರವಾಗಿದ್ದರೆ ಕಂಪನ ತಂತಿಯಲ್ಲೇ ಉಳಿಯುತ್ತದೆ, ಸ್ವರ ನಿಲ್ಲುತ್ತದೆ.

1970ರ ದಶಕದ ಆರಂಭದಲ್ಲಿ ಉಕ್ಕಿನ ಜಾಗಕ್ಕೆ ಸತುವಿನ ಮಿಶ್ರಲೋಹದ ಎರಕ ಬಂತು. ಇಂದಿನ ಅನೇಕ ಅಗ್ಗದ ಗಿಟಾರುಗಳಲ್ಲಿ ಆ ಬ್ಲಾಕ್ ಇನ್ನೂ ಸಣ್ಣದು, ತೆಳುವಾದದ್ದು. ಅದನ್ನು ತೆಗೆದು ಪೂರ್ಣ ಗಾತ್ರದ ಉಕ್ಕಿನದನ್ನು ಹಾಕಿದರೆ ಸ್ವರಕ್ಕೆ ಅಂಚು ಮೂಡುತ್ತದೆ, ಬಾಲ ಉದ್ದವಾಗುತ್ತದೆ. ಹಿತ್ತಾಳೆ ಉಕ್ಕಿಗಿಂತಲೂ ಭಾರ. ಆದರೆ ಈ ಲೇಖಕನ ಕಿವಿ ಉಕ್ಕಿನ ಪರ.

ಆ ಕಿವಿ ತೆರೆದದ್ದು ಗಿಟಾರ್ ವಾದಕ ಜೆಫ್ ಬೆಕ್ 1989ರಲ್ಲಿ ಹೊರತಂದ ‘ವೇರ್ ವರ್ ಯು’ ಕೇಳಿದಾಗ. ಅಲ್ಲಿ ಬೆಕ್ ಹಾರ್ಮೋನಿಕ್ ಒಂದನ್ನು ಮೀಟಿ, ರಾಗದ ಮುಂದಿನ ಸ್ವರಗಳನ್ನು ಕಡ್ಡಿಯಿಂದಲೇ ಎಳೆದು ತರುತ್ತಾರೆ. ಮೊದಲ ಮೀಟು ನಡುದಾರಿಯಲ್ಲೇ ಸತ್ತರೆ ಆ ಸಾಲು ಪೂರ್ತಿಯಾಗುವುದೇ ಇಲ್ಲ. ಅದಾದ ಮೇಲೆ ಹ್ಯಾಂಕ್ ಮಾರ್ವಿನ್ 1960ರಲ್ಲಿ ನುಡಿಸಿದ ‘ಅಪಾಚೆ’ಯನ್ನೂ 1969ರ ವುಡ್‌ಸ್ಟಾಕ್‌ನಲ್ಲಿ ಜಿಮಿ ಹೆಂಡ್ರಿಕ್ಸ್ ನುಡಿಸಿದ ಅಮೆರಿಕದ ರಾಷ್ಟ್ರಗೀತೆಯನ್ನೂ ಮತ್ತೆ ಕೇಳಿದರೆ ಕಡ್ಡಿಯ ಕೆಲಸ ಬೇರೆಯಾಗಿ ಕೇಳಿಸುತ್ತದೆ.

ಪರೀಕ್ಷೆ ಸುಲಭ. ಹೊಸ ತಂತಿ ಹಾಕಿ, ಆಂಪ್ಲಿಫೈಯರ್ ಇಲ್ಲದೆ ಒಂದೇ ತಂತಿ ಮೀಟಿ, ಅಂಗೈಯನ್ನು ಮರದ ಮೇಲಿಟ್ಟು, ಸದ್ದು ಅಡಗುವವರೆಗೂ ಕಾಯಬೇಕು. ಬ್ಲಾಕ್ ಬದಲಿಸಿದ ಬಳಿಕ ಅದೇ ದಪ್ಪದ ಹೊಸ ತಂತಿ ಹಾಕಿ ಮತ್ತೊಮ್ಮೆ.

ಕಡ್ಡಿ ಒತ್ತಿದ ಮೇಲೆ ಶ್ರುತಿ ನಿಲ್ಲದಿದ್ದರೆ ಬ್ಲಾಕನ್ನಲ್ಲ, ಕತ್ತಿನ ತುದಿಯಲ್ಲಿ ತಂತಿಗಳು ಹಾಯುವ ನಟ್ ನೋಡಿ. ಅದರ ತೋಡುಗಳಿಗೆ ಪೆನ್ಸಿಲ್ ಸೀಸ ಉಜ್ಜಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಬ್ಲಾಕ್ ಕೊಳ್ಳುವ ಮುನ್ನ ಬ್ರಿಡ್ಜಿನಲ್ಲಿ ಮೊದಲ ಮತ್ತು ಆರನೆಯ ತಂತಿಗಳ ನಡುವಿನ ಅಂತರ ಅಳೆಯಿರಿ: ಹಳೆಯ ಮಾದರಿಯಲ್ಲಿ ಸುಮಾರು 56 ಮಿಲಿಮೀಟರ್, ಅನೇಕ ಹೊಸ ಮಾದರಿಗಳಲ್ಲಿ 52.5. ತೆಳು ಮರದ ಗಿಟಾರಾದರೆ ಹಿಂಬದಿಯ ಗುಳಿಯ ಆಳವನ್ನೂ ಅಳೆಯಿರಿ. ಪೂರ್ಣ ಗಾತ್ರದ ಬ್ಲಾಕ್ ಅದರಿಂದ ಹೊರಚಾಚಿದರೆ ಮುಚ್ಚಳ ಕೂರುವುದಿಲ್ಲ.