ತಗ್ಗಿದರೂ ಕುಗ್ಗದ ದನಿ

ನನ್ನ ಹಾಡಿನ ಯಂತ್ರಗಳ ಸಾಲಿನಲ್ಲಿ ಒಂದಕ್ಕೆ ಮಾತ್ರ ಕರೆಂಟಿನ ವಯರಿಲ್ಲ. ಅಂಗೈಗಿಂತ ತುಸು ದೊಡ್ಡದಾದ ಅಲ್ಯೂಮಿನಿಯಂ ಡಬ್ಬಿ ಅದು. ಮುಂದೆ ಒಂದು ತಿರುಗಣೆ, ಹಿಂದೆ ನಾಲ್ಕು ಸಾಕೆಟ್. ಸಿ.ಡಿ. ಪ್ಲೇಯರಿನಿಂದ ಹೊರಟ ಸಂಗೀತ ಇದರೊಳಗೆ ಹೊಕ್ಕು ಪವರ್ ಆಂಪ್ಲಿಫೈಯರಿಗೆ ಹೋಗುತ್ತದೆ. ಮುಚ್ಚಳ ತೆಗೆದರೆ ಟ್ರಾನ್ಸಿಸ್ಟರ್ ಕಾಣದು, ವಾಲ್ವ್ ಕಾಣದು, ಮಿಣುಕುವ ದೀಪವೂ ಇಲ್ಲ. ಒಂದು ಸ್ವಿಚ್ಚು, ಅದರ ಸುತ್ತ ಅಕ್ಕಿಕಾಳಿನಷ್ಟುದ್ದದ ರೆಸಿಸ್ಟರುಗಳು, ಅಷ್ಟೆ. ಪ್ಯಾಸಿವ್ ವಾಲ್ಯೂಮ್ ಕಂಟ್ರೋಲ್ ಎಂದು ಇದರ ಹೆಸರು. ದನಿಯನ್ನು ಏರಿಸುವ ಶಕ್ತಿ ಇದಕ್ಕಿಲ್ಲ, ಇಳಿಸುವುದೊಂದೇ ಬರುತ್ತದೆ. ಆ ಒಂದು ಕೆಲಸವನ್ನು ಇದು ಎಷ್ಟು ಚೆಂದ ಮಾಡುತ್ತದೆಂದರೆ, ಅದನ್ನು ಕೊಂಡಾಡದೆ ಇರಲಾರೆ.

ನಮ್ಮ ಕಡೆ ದನಿಗೆ ಬಡತನವಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಯಾವ ಹಳ್ಳಿಗೆ ಹೋದರೂ ದೀಪಾವಳಿ ಕಳೆದ ಮೇಲೆ ಮಳೆಗಾಲಕ್ಕೆ ಮೊದಲು ಬರುವ ಪತ್ತನಾಜೆಯ ತನಕ ರಾತ್ರಿಗಳು ಗದ್ದೆಯಾಚೆಯ ಯಕ್ಷಗಾನದ ಚೆಂಡೆಯಿಂದ ತುಂಬಿರುತ್ತವೆ. ದೈವಗಳ ನೇಮದ ವಾದ್ಯ, ಜಾತ್ರೆಯ ಧ್ವನಿವರ್ಧಕ, ಆಳ್ವಾಸ್ ವಿರಾಸತ್‌ ಉತ್ಸವದ ಬಯಲಿನಲ್ಲಿ ಸಾವಿರಾರು ಜನರ ಎದೆಗೆ ಬಡಿಯುವ ಸ್ಪೀಕರ್ ಗೋಪುರಗಳು, ಇವೆಲ್ಲ ನನಗೆ ಪ್ರಿಯವೇ. ಆದರೆ ಮನೆಯ ಚಾವಡಿಯಲ್ಲಿ, ಊಟ ಮುಗಿದು ಮಕ್ಕಳು ಮಲಗಿದ ಮೇಲೆ ಕೇಳುವುದು ಬೇರೆಯೇ ಒಂದು ಸುಖ. ಅಲ್ಲಿ ಬೇಕಾದ್ದು ದೊಡ್ಡ ದನಿಯೊಂದು ಚಿಕ್ಕದಾಗಿಯೂ ಪೂರ್ತಿ ಉಳಿಯುವುದು. ಬಯಲಿನ ಕೊನೆಯ ಸಾಲಿಗೆ ಮುಟ್ಟಲೆಂದೇ ಹುಟ್ಟಿದ ಕಂಠವನ್ನು ಹತ್ತಡಿ ದೂರದ ಕುರ್ಚಿಗೆ ಹೊಂದಿಸುವಾಗ ಅದರ ಉಸಿರು, ತುದಿ, ಮುರುಕು ಯಾವುದೂ ಉದುರಿಹೋಗಬಾರದು. ಬಹುಪಾಲು ಯಂತ್ರಗಳು ಸೋಲುವುದು ಇಲ್ಲೇ. ಜೋರಾಗಿ ಇಟ್ಟಾಗ ಎಲ್ಲವೂ ಚೆಂದ, ತಗ್ಗಿಸಿದಾಗ ಹಾಡು ಕಂಬಳಿ ಹೊದ್ದು ಮಲಗಿಬಿಡುತ್ತದೆ.

ಅದು ಯಾಕೆ ಹಾಗಾಗುತ್ತದೆಂಬುದಕ್ಕೆ ಒಂದು ಚರಿತ್ರೆಯಿದೆ. ಎಲ್.ಪಿ. ತಟ್ಟೆಯ ಮುಳ್ಳಿನಿಂದ ಹುಟ್ಟುವ ವಿದ್ಯುತ್ತು ಐದು ಮಿಲಿವೋಲ್ಟಿನ ಆಸುಪಾಸು. ಹಳೆಯ ಟ್ಯೂನರು, ಟೇಪ್ ರೆಕಾರ್ಡರುಗಳೂ ವೋಲ್ಟಿನ ಒಂದು ಸಣ್ಣ ಪಾಲನ್ನಷ್ಟೇ ಕೊಡುತ್ತಿದ್ದವು. ಅದನ್ನು ದೊಡ್ಡದು ಮಾಡಲು ಪವರ್ ಆಂಪ್ಲಿಫೈಯರಿನ ಹಿಂದೆ ಇನ್ನೊಂದು ಆಂಪ್ಲಿಫೈಯರ್ ಬೇಕೇ ಬೇಕಿತ್ತು, ಅದೇ ಪ್ರೀ-ಆಂಪ್ಲಿಫೈಯರ್. 1982ರಲ್ಲಿ ಸಿ.ಡಿ. ಬಂತು. ಅದರ ಪ್ಲೇಯರು ಕೊಡುವುದು ಪೂರ್ತಿ ದನಿಯಲ್ಲಿ ಎರಡು ವೋಲ್ಟಿನಷ್ಟು. ಸಾಮಾನ್ಯ ಪವರ್ ಆಂಪ್ಲಿಫೈಯರು ತನ್ನ ಪೂರ್ತಿ ಶಕ್ತಿಯಲ್ಲಿ ಗರ್ಜಿಸಲು ಬೇಕಾದ್ದು ಒಂದು ಅಥವಾ ಒಂದೂವರೆ ವೋಲ್ಟ್. ಅಲ್ಲಿಗೆ ನಡುವಿನ ಯಂತ್ರದ ಮುಖ್ಯ ಕೆಲಸವೇ ಮುಗಿದಿತ್ತು. ಆದರೂ ಅಭ್ಯಾಸ ಬಿಡಲಿಲ್ಲ. ಎರಡು ವೋಲ್ಟನ್ನು ಹತ್ತುಪಟ್ಟು ಮಾಡಬಲ್ಲ ಪ್ರೀ-ಆಂಪ್ಲಿಫೈಯರನ್ನು ಇಟ್ಟುಕೊಂಡು, ತಿರುಗಣೆಯನ್ನು ಎಂಟು-ಒಂಬತ್ತು ಗಂಟೆಯ ಮುಳ್ಳಿನಿಂದ ಮೇಲೆತ್ತದೆ ಜನ ವರ್ಷಗಟ್ಟಲೆ ಹಾಡು ಕೇಳಿದರು, ಈಗಲೂ ಕೇಳುತ್ತಿದ್ದಾರೆ. ಅಮೆರಿಕದ ಆಂಪ್ಲಿಫೈಯರ್ ವಿನ್ಯಾಸಕಾರ ನೆಲ್ಸನ್ ಪಾಸ್ ಈ ಮಾತನ್ನು ಬಹಳ ಹಿಂದಿನಿಂದ ಹೇಳುತ್ತ ಬಂದವರು: ನಮ್ಮ ವ್ಯವಸ್ಥೆಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚು ವರ್ಧನೆಯಿದೆ.

ಹೆಚ್ಚಿದ್ದರೆ ಏನು ತೊಂದರೆ ಎಂದು ಕೇಳಬಹುದು. ಸಾಮಾನ್ಯ ಪ್ರೀ-ಆಂಪ್ಲಿಫೈಯರಿನಲ್ಲಿ ವಾಲ್ಯೂಮ್ ತಿರುಗಣೆ ಇರುವುದು ವರ್ಧನೆಯ ಹಂತಕ್ಕಿಂತ ಮೊದಲು. ತಿರುಗಣೆ ಇಳಿಸಿದರೆ ಹಾಡು ಇಳಿಯುತ್ತದೆ, ಅದರ ನಂತರದ ಹಂತದಲ್ಲಿ ಹುಟ್ಟುವ ಸುಯ್‌ಸದ್ದು ಮಾತ್ರ ಇದ್ದಲ್ಲೇ ಇರುತ್ತದೆ. ಅಂದರೆ ನಾವು ಮೆಲ್ಲಗೆ ಕೇಳಿದಷ್ಟೂ ಹಾಡು ಆ ಸುಯ್ಯುವಿಕೆಗೆ ಹತ್ತಿರವಾಗುತ್ತದೆ. ಇನ್ನೊಂದು, ಸಾಧಾರಣ ಕಾರ್ಬನ್ ಪಟ್ಟಿಯ ತಿರುಗಣೆಗಳು ಕೆಳಗಿನ ತುದಿಯಲ್ಲಿ ಎಡ-ಬಲಗಳನ್ನು ಸಮನಾಗಿ ಕೊಡಲಾರವು. ಎರಡು-ಮೂರು ಡೆಸಿಬೆಲ್‌ನಷ್ಟು ವ್ಯತ್ಯಾಸ ಬಂದು ಗಾಯಕ ಒಂದು ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ರಾತ್ರಿಯ ಕೇಳುಗರಿಗೆ ಸಿಗುವುದು ಯಾವಾಗಲೂ ತಿರುಗಣೆಯ ಆ ಕೆಟ್ಟ ತುದಿಯೇ.

ಪ್ಯಾಸಿವ್ ಡಬ್ಬಿಯ ಒಳಗೆ ನಡೆಯುವುದು ಒಂದು ಪಾಲುಪಟ್ಟಿ. ಅಡಿಕೆ ತೋಟದ ಕಣಿಯಲ್ಲಿ ಬಂದ ನೀರನ್ನು ಒಂದು ಕಡೆ ಗಿಡದ ಬುಡಕ್ಕೆ, ಉಳಿದದ್ದನ್ನು ತೋಡಿಗೆ ತಿರುಗಿಸುವ ಹಾಗೆ, ಬಂದ ಸಂಕೇತದ ಒಂದು ಪಾಲನ್ನು ಆಂಪ್ಲಿಫೈಯರಿಗೆ ಬಿಟ್ಟು ಉಳಿದದ್ದನ್ನು ನೆಲಕ್ಕೆ ಇಳಿಸುವುದು. ನನ್ನದು 24 ಮೆಟ್ಟಿಲಿನ ಸ್ವಿಚ್ಚು. ಪ್ರತಿ ಬದಿಗೆ ಶೇಕಡಾ 1ರ ನಿಖರತೆಯ ಮೆಟಲ್ ಫಿಲ್ಮ್ ರೆಸಿಸ್ಟರುಗಳ ಸರಮಾಲೆ, ಒಟ್ಟು 10 ಕಿಲೋಓಮ್. ಮೆಟ್ಟಿಲಿಗೆ ಎರಡು ಡೆಸಿಬೆಲ್. ಮೂರು ಮೆಟ್ಟಿಲು ಇಳಿದರೆ ವೋಲ್ಟು ಅರ್ಧ, ಹತ್ತು ಮೆಟ್ಟಿಲು ಇಳಿದರೆ ಹತ್ತರಲ್ಲೊಂದು. ಕಿವಿ ಸದ್ದನ್ನು ಅಳೆಯುವುದು ಕೂಡಿಸಿ ಕಳೆದಲ್ಲ, ಗುಣಿಸಿ ಭಾಗಿಸಿ. ಅದಕ್ಕೆಂದೇ ಮೆಟ್ಟಿಲುಗಳೂ ಹಾಗೆಯೇ. ಬೆರಳಿಗೆ ಪ್ರತಿ ಮೆಟ್ಟಿಲೂ ಕಟ್ ಎಂದು ಗಟ್ಟಿಯಾಗಿ ಸಿಗುತ್ತದೆ. ಒಂದು ಧ್ವನಿಮುದ್ರಿಕೆಗೆ ಒಪ್ಪುವ ಮೆಟ್ಟಿಲು ಯಾವುದೆಂದು ಒಮ್ಮೆ ಗೊತ್ತಾದರೆ ವರ್ಷ ಬಿಟ್ಟು ಹಾಕಿದರೂ ಅದೇ ಮೆಟ್ಟಿಲಿಗೆ ಮರಳಬಹುದು. ದೂರನಿಯಂತ್ರಕ ಇಲ್ಲದಿರುವುದೂ ನನಗೆ ಹಿತವೇ: ಆಲಾಪನೆಯ ನಡುವೆ ಕೈಯಾಡಿಸುವ ಚಪಲ ತಾನಾಗಿ ಅಡಗುತ್ತದೆ.

ಇದರ ಮೇಲೆ ಹಾಕಿ ಕೇಳಲು ನಮ್ಮ ನೆಲದವರೇ ನುಡಿಸಿದ ಒಂದು ವಾದ್ಯವಿದೆ. ಕದ್ರಿ ಗೋಪಾಲನಾಥರು ಹುಟ್ಟಿದ್ದು ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ, 1949ರಲ್ಲಿ. ತಂದೆ ತನಿಯಪ್ಪ ನಾಗಸ್ವರದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಹುಡುಗನಾಗಿದ್ದಾಗಲೇ ಮರುಳಾದ ಅವರು ಅದನ್ನು ಕರ್ನಾಟಕ ಸಂಗೀತದ ಕಚೇರಿಗೆ ತಂದು ಕೂರಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ. ಪ್ರಾಮೆನೇಡ್ ಕಚೇರಿಗೆ ಕರೆಯಿಸಿಕೊಂಡ ಮೊದಲ ಕರ್ನಾಟಕ ಸಂಗೀತಗಾರ ಅವರೇ. ಸ್ಯಾಕ್ಸೋಫೋನ್ ಮೆರವಣಿಗೆಗೂ ಬಯಲಿಗೂ ಹೊಂದುವ ಹಿತ್ತಾಳೆಯ ವಾದ್ಯ. ಗುಂಡಿ ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ಎರಡರ ನಡುವಿನ ದಾರಿಯೇ ಇಲ್ಲದ ವಾದ್ಯದಲ್ಲಿ ಅವರು ತುಟಿಯಿಂದ, ಉಸಿರಿನಿಂದ, ಅರ್ಧ ತೆರೆದ ಗುಂಡಿಗಳಿಂದ ಗಮಕದ ದಾರಿ ಕೊರೆದರು.

ಆ ದಾರಿ ಕೇಳಬೇಕಾದರೆ ದನಿ ತಗ್ಗಬೇಕು ಎಂದೇ ನನ್ನ ಅನುಭವ. ಜೋರಾಗಿ ಇಟ್ಟಾಗ ಹಿತ್ತಾಳೆಯ ಹೊಳಪು ಎದುರು ನಿಂತು ಉಳಿದದ್ದನ್ನೆಲ್ಲ ಮರೆಮಾಡುತ್ತದೆ. ಡಬ್ಬಿಯ ತಿರುಗಣೆಯನ್ನು ಕೆಳಗಿಳಿಸಿ, ಕಲ್ಯಾಣಿಯ ಗಾಂಧಾರದ ಮೇಲೆ ಅವರು ನಿಂತಾಗ ಕೇಳಿ: ಸ್ವರ ಶುರುವಾಗುವ ಮೊದಲು ರೀಡಿನ ಮೇಲೆ ಉಸಿರು ಸವರುವ ಚೂರು ಸದ್ದು, ಗುಂಡಿಯ ಚರ್ಮ ಲೋಹಕ್ಕೆ ತಾಗುವ ಮೆತ್ತನೆಯ ಟಪ್, ಸ್ವರ ಇಳಿಯುತ್ತ ಅಂಚಿನಲ್ಲಿ ಒರಟಾಗುವುದು, ಅದನ್ನು ಎತ್ತಿಕೊಳ್ಳಲು ಕಾದ ಎ. ಕನ್ಯಾಕುಮಾರಿಯವರ ಪಿಟೀಲಿನ ಕಮಾನು ತಂತಿಗೆ ಇನ್ನೇನು ಕೂರುವ ಗಳಿಗೆ. ನನ್ನ ಸ್ಪೀಕರುಗಳು ಒಂದು ವ್ಯಾಟ್ ಕೊಟ್ಟರೆ ಮೀಟರು ದೂರದಲ್ಲಿ 90 ಡೆಸಿಬೆಲ್ ಹಾಡುವಂಥವು. ಮಾತಿನ ದನಿಗಿಂತ ತುಸು ಮಿಗಿಲಾಗಿ, 70ರ ಆಸುಪಾಸಿನಲ್ಲಿ ಕೇಳುವಾಗ ಅವು ಉಣ್ಣುವುದು ವ್ಯಾಟಿನ ನೂರನೇ ಒಂದು ಪಾಲು. ಆ ಪಾಲಿನೊಳಗೇ ಇಡೀ ಕಚೇರಿ ಇರುತ್ತದೆ, ಅದರ ಅಡಿಯಲ್ಲಿ ಬೇರೆ ಯಾವ ಯಂತ್ರದ ಗೊಣಗೂ ಸೇರಿರುವುದಿಲ್ಲ.

ಇನ್ನೊಂದು ಕಂಠ ಮೂಡುಬಿದಿರೆಯದು. ಬಲಿಪ ನಾರಾಯಣ ಭಾಗವತರು ಕಾಸರಗೋಡಿನ ಪಡ್ರೆಯ ಕಡೆಯವರು. ಬದುಕಿನ ಬಹುಭಾಗ ನೆಲೆಸಿ 2023ರಲ್ಲಿ ತೀರಿಕೊಂಡದ್ದು ಮೂಡುಬಿದಿರೆ ಬಳಿಯ ಮಾರೂರಿನಲ್ಲಿ. ದಶಕಗಳ ಕಾಲ ಕಟೀಲು ಯಕ್ಷಗಾನ ಮೇಳದಲ್ಲಿ ಹಾಡಿದವರು. ಮೈಕು ಇಲ್ಲದ ಕಾಲದ ಏರುಶ್ರುತಿಯ ಪರಂಪರೆಯನ್ನು ಅಜ್ಜನಿಂದ ಪಡೆದು, ಮೈಕಿನ ಕಾಲದಲ್ಲೂ ಒಂದಿಷ್ಟೂ ಇಳಿಸದೆ ಕಾಪಾಡಿದರು. ಅವರ ಹಳೆಯ ಟೇಪುಗಳನ್ನು ಮನೆಯಲ್ಲಿ ಕೇಳುವುದು ಕಷ್ಟದ ಕೆಲಸ. ಕಂಠ ಮೇಲೆ, ಚೆಂಡೆ ಇನ್ನೂ ಮೇಲೆ. ಚೆಂಡೆಯ ಪೆಟ್ಟು ಕ್ಷಣಾರ್ಧದಲ್ಲಿ ನೆಗೆದು ಅಷ್ಟೇ ಬೇಗ ಇಳಿಯುತ್ತದೆ. ಕೆಟ್ಟದಾಗಿ ತಗ್ಗಿಸಿದರೆ ಅದು ಡಬ್ಬ ಬಡಿದ ಸದ್ದಾಗುತ್ತದೆ. ಈ ಡಬ್ಬಿಯಲ್ಲಿ ತಗ್ಗಿಸಿದಾಗ ಪೆಟ್ಟಿನ ಮೊನೆ ಹಾಗೇ ಇರುತ್ತದೆ, ದೂರದ ಗದ್ದೆಯಿಂದ ಬಂದಂತೆ ಸಣ್ಣದಾಗಿ, ಆದರೆ ಮೊನೆಯೊಡನೆ. ಅದರ ಕೆಳಗೆ ಮದ್ದಳೆಯ ಝೇಂಕಾರ, ಜಾಗಟೆಯ ಕಂಪನ, ಚಕ್ರತಾಳ ಬೇರೆಬೇರೆಯಾಗಿ ಬಿಡಿಸಿಕೊಳ್ಳುತ್ತವೆ. ಭಾಗವತರು ಪದದ ಕೊನೆಯ ಅಕ್ಷರವನ್ನು ಎಳೆದು ಬಿಡುವಲ್ಲಿ ಕಂಠದೊಳಗಿನ ಸಣ್ಣ ಅಲುಗಾಟವಿದೆ. ಬಯಲಿನಲ್ಲಿ ಹಾರ್ನ್ ಸ್ಪೀಕರಿನ ಮುಂದೆ ಕೂತು ಕೇಳಿದ ರಾತ್ರಿಗಳಲ್ಲಿ ಅದು ನನಗೆ ಸಿಕ್ಕಿರಲೇ ಇಲ್ಲ.

ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ತಾಳಮದ್ದಳೆಗೂ ಹೀಗೆಯೇ. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ಅದು ಮನೆಮನೆಯ ಕೇಳ್ಮೆಯಾಯಿತು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯ ಜೀವ ಇರುವುದು ವಾದದಲ್ಲಿ ಎಷ್ಟೋ ಅಷ್ಟೇ ಅವರು ನಡುವೆ ಬಿಡುವ ವಿರಾಮದಲ್ಲಿ. ಆ ವಿರಾಮದಲ್ಲಿ ಎದುರಾಳಿ ಉಸಿರೆಳೆದದ್ದು ಕೇಳಬೇಕು.

ಈ ಡಬ್ಬಿ ಎಲ್ಲರ ಮನೆಗೂ ಒಗ್ಗುವುದಿಲ್ಲ. ಇದರ ಬಗ್ಗೆ 'ಜೀವವಿಲ್ಲ, ಸಪ್ಪೆ' ಎಂಬ ದೂರು ಹಳೆಯದು, ಅದಕ್ಕೆ ಕಾರಣವೂ ಇದೆ. ಪ್ಯಾಸಿವ್ ತಿರುಗಣೆಗೆ ತನ್ನದೇ ಬಲವಿಲ್ಲದ್ದರಿಂದ ಅದರ ಹಿಂದಿನ ಮತ್ತು ಮುಂದಿನ ಯಂತ್ರಗಳು ಒಂದಕ್ಕೊಂದು ಹೊಂದಬೇಕು. 10 ಕಿಲೋಓಮಿನ ತಿರುಗಣೆಯಿಂದ ಹೊರಡುವ ಸಂಕೇತ ಅತಿ ಹೆಚ್ಚೆಂದರೆ ಎರಡೂವರೆ ಕಿಲೋಓಮಿನ ಅಡ್ಡಿಯನ್ನು ಹೊತ್ತಿರುತ್ತದೆ. ಮುಂದಿನ ಆಂಪ್ಲಿಫೈಯರು 47 ಕಿಲೋಓಮಿನದ್ದಾಗಿ, ಕೇಬಲ್ಲು ಗಿಡ್ಡವಾಗಿ ಒಟ್ಟು 300 ಪಿಕೋಫ್ಯಾರಡ್ ಇದ್ದರೆ ಕಿವಿಯ ಮಿತಿಯ ಹತ್ತುಪಟ್ಟು ಆಚೆ, 200 ಕಿಲೋಹರ್ಟ್ಸ್ ದಾಟುವ ತನಕ ಚಿಂತೆಯಿಲ್ಲ. ಅದೇ 100 ಕಿಲೋಓಮಿನ ತಿರುಗಣೆ ಹಾಕಿ, 500 ಪಿಕೋಫ್ಯಾರಡಿನ ಉದ್ದ ಕೇಬಲ್ ಎಳೆದರೆ 13 ಕಿಲೋಹರ್ಟ್ಸ್‌ನಲ್ಲೇ ಸ್ವರ ಮೂರು ಡೆಸಿಬೆಲ್ ಕುಸಿದಿರುತ್ತದೆ. ಚಕ್ರತಾಳದ ಬೆಳಕು ಆರುವುದು ಅಲ್ಲಿ. ಹಾಗಾಗಿ ನನ್ನ ಡಬ್ಬಿ ಆಂಪ್ಲಿಫೈಯರಿಗೆ ತಾಗಿಕೊಂಡೇ ಕೂತಿದೆ. ಫೋನಿನಿಂದ ಹಾಡು ಹಾಕುವವರಿಗೆ, ಎರಡು ವೋಲ್ಟಿಗಿಂತ ಹೆಚ್ಚು ಬೇಡುವ ವಾಲ್ವ್ ಆಂಪ್ಲಿಫೈಯರ್ ಇರುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಬೆಳ್ತಂಗಡಿಯ ಗೆಳೆಯರೊಬ್ಬರ ಮನೆಯಲ್ಲಿ ರೆಸಿಸ್ಟರಿನ ಬದಲು ಟ್ರಾನ್ಸ್‌ಫಾರ್ಮರಿನ ವಾಲ್ಯೂಮ್ ಕಂಟ್ರೋಲ್ ಇದೆ. ತಾಮ್ರದ ಸುರುಳಿಗೆ ಅಲ್ಲಲ್ಲಿ ಕವಲು ತೆಗೆದು ಮಾಡಿದ್ದು. ವೋಲ್ಟು ಇಳಿದಷ್ಟೂ ಅದರ ಅಡ್ಡಿಯೂ ಇಳಿಯುವುದರಿಂದ ಉದ್ದ ಕೇಬಲ್ಲಿಗೂ ಅಂಜುವುದಿಲ್ಲ. ಮದ್ದಳೆಯ ಎಡಮುಖ ಅಲ್ಲಿ ಹೆಚ್ಚು ತುಂಬಿ ಬರುತ್ತದೆಂದು ಒಪ್ಪುತ್ತೇನೆ. ಆದರೆ ಕಂಠದ ಸುತ್ತ ತೆಳುವಾದ ಒಂದು ಬಣ್ಣ ಹತ್ತಿದಂತೆ ನನಗೆ ಕೇಳುತ್ತದೆ. ಬೆಲೆಯೂ ನನ್ನ ಡಬ್ಬಿಯ ಹತ್ತಾರು ಪಟ್ಟು.

ಆ ಗೆಳೆಯರ ಊರು ಚಾರ್ಮಾಡಿ ಘಾಟಿಯ ಬುಡದಲ್ಲಿ. ವರ್ಷಕ್ಕೆ 4000 ಮಿಲಿಮೀಟರಿಗೂ ಮಿಕ್ಕಿ ಮಳೆ. ಆಟಿ ತಿಂಗಳಲ್ಲಿ ಮಂಗಳೂರು ಹಂಚಿನ ಮೇಲೆ ಅದು ಸುರಿಯುವಾಗ ಯಾವ ತಿರುಗಣೆಯ ನಯವೂ ಕೆಲಸಕ್ಕೆ ಬಾರದು, ನಾಲ್ಕೈದು ಮೆಟ್ಟಿಲು ಏರಿಸಿಯೇ ಕೇಳಬೇಕು. ಆ ತೇವದಲ್ಲಿ ಬೆಳ್ಳಿ ಲೇಪದ ಸ್ವಿಚ್ಚುಗಳು ಕಪ್ಪಾಗುತ್ತವೆ. ವಾರಕ್ಕೊಮ್ಮೆ ಈ ತುದಿಯಿಂದ ಆ ತುದಿಗೆ ತಿರುಗಿಸಿದರೆ ಉಜ್ಜಿ ಸ್ವಚ್ಛವಾಗುತ್ತವೆ, ಅದಕ್ಕಿಂತ ಹೆಚ್ಚಿನ ಆರೈಕೆಯನ್ನು ನನ್ನ ಡಬ್ಬಿ ಕೇಳಿಲ್ಲ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ, 1430ರಲ್ಲಿ ಕಟ್ಟಿದ ಆ ಕಲ್ಲಿನ ನೆರಳಲ್ಲಿ, ಅರ್ಚಕರು ಸ್ತೋತ್ರ ಹೇಳಿ ನಿಲ್ಲಿಸಿದಾಗ ದನಿ ಥಟ್ಟನೆ ಸಾಯುವುದಿಲ್ಲ. ಕಂಬದಿಂದ ಕಂಬಕ್ಕೆ ತೆಳುವಾಗುತ್ತ ಹೋಗುತ್ತದೆ. ಅದರ ಕೊನೆ ಎಲ್ಲಿ ಎಂದು ಹೇಳಲಾಗದಷ್ಟು ನಯವಾದ ಇಳಿತ ಅದು. ಒಳ್ಳೆಯ ಸಭಾಂಗಣದ ಧ್ವನಿಮುದ್ರಿಕೆಗಳಲ್ಲೂ ಅಂಥ ಬಾಲ ಇರುತ್ತದೆ. ನಾನು ಯಾವ ವಾಲ್ಯೂಮ್ ಕಂಟ್ರೋಲನ್ನು ಪರೀಕ್ಷಿಸುವುದಾದರೂ ಕೇಳುವುದು ಆ ಬಾಲವನ್ನೇ, ಅದೂ ತಗ್ಗಿದ ದನಿಯಲ್ಲಿ. ಸುಯ್‌ಸದ್ದು ಅದನ್ನು ಎಲ್ಲಿ ನುಂಗುತ್ತದೆಂಬುದು ಎಲ್ಲವನ್ನೂ ಹೇಳಿಬಿಡುತ್ತದೆ.

ಕಟ್ಟಿಕೊಳ್ಳುವ ಮನಸ್ಸುಳ್ಳವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ರೆಸಿಸ್ಟರುಗಳು ಬಿಡಿಗಾಸಿಗೆ ಸಿಗುತ್ತವೆ. ದುಡ್ಡು ಹೋಗುವುದು ಸ್ವಿಚ್ಚಿಗೆ, ಹೊತ್ತು ಹೋಗುವುದು ಜೋಡಿ ಆರಿಸುವುದಕ್ಕೆ. ಬೇಕಾದ್ದಕ್ಕಿಂತ ನಾಲ್ಕು ಪಟ್ಟು ತಂದು, ಮಲ್ಟಿಮೀಟರ್ ಹಿಡಿದು ಒಂದೊಂದನ್ನೂ ಅಳೆದು, ಎಡಕ್ಕೂ ಬಲಕ್ಕೂ ಒಂದೇ ಅಳತೆಯವನ್ನು ಕೂಡಿಸಬೇಕು. ಹಳೆಯ ಯಕ್ಷಗಾನದ ಟೇಪುಗಳು ಬಹುಪಾಲು ಮೋನೋ. ಎರಡು ಸ್ಪೀಕರಿನಿಂದಲೂ ಬರುವುದು ಒಂದೇ ದನಿ. ಜೋಡಿ ಸರಿಯಾಗಿ ಕೂಡಿದ್ದರೆ ಅತಿ ಕೆಳಗಿನ ಮೆಟ್ಟಿಲಿನಲ್ಲೂ ಬಲಿಪರು ಎರಡು ಸ್ಪೀಕರುಗಳ ನಟ್ಟನಡುವೆ ಜಾಗಟೆ ಹಿಡಿದು ಕೂತಿರುತ್ತಾರೆ, ಎಡಕ್ಕಾಗಲಿ ಬಲಕ್ಕಾಗಲಿ ಒಂದು ಬೆರಳು ಜರಗುವುದಿಲ್ಲ.